ಗಾಳಿಗೂ ತೂಕಕ್ಕೂ ಉತ್ತರ ಕೊಟ್ಟ ಎರಡು ಕಾರುಗಳು

ಮಂಡ್ಯದ ಮೂಲಕ ಹಾದುಹೋಗುವ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿ ಗಂಟೆಗೆ 100 ಕಿ.ಮೀ. ಬ್ರಿಟನ್ನಿನ ಮೆಕ್‌ಲಾರೆನ್ ಎಫ್1 ಈ ವೇಗದಲ್ಲಿ ಓಡಿದರೆ ಗಾಳಿಯನ್ನು ಸೀಳಲು ಅದಕ್ಕೆ ಬೇಕಾಗುವುದು ಸುಮಾರು 10 ಅಶ್ವಶಕ್ತಿ ಮಾತ್ರ. ಅದೇ ಕಾರು 1998ರಲ್ಲಿ ಜರ್ಮನಿಯ ಪರೀಕ್ಷಾ ಪಥವೊಂದರಲ್ಲಿ 386 ಕಿ.ಮೀ. ವೇಗ ಮುಟ್ಟಿದಾಗ, ಗಾಳಿಯೊಂದಕ್ಕೇ 570ರ ಆಸುಪಾಸು ಅಶ್ವಶಕ್ತಿ ವ್ಯಯವಾಗಿರಬೇಕೆಂದು ಲೆಕ್ಕ ಹೇಳುತ್ತದೆ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರಿದರೆ, ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಸಾಮರ್ಥ್ಯ ಎಂಟು ಪಟ್ಟಾಗಬೇಕು.

ಇದೇ ನಿಯಮವನ್ನು ಎದುರಿಸಿದ ಇನ್ನೊಂದು ಕಾರು ಜಾಗ್ವಾರ್ ಎಕ್ಸ್‌ಜೆ220. 1988ರಲ್ಲಿ ಬರ್ಮಿಂಗ್‌ಹ್ಯಾಮ್ ಪ್ರದರ್ಶನದಲ್ಲಿ ತೋರಿಸಿದ ಮಾದರಿಗೆ ಹನ್ನೆರಡು ಸಿಲಿಂಡರುಗಳ ಎಂಜಿನ್ ಮತ್ತು ನಾಲ್ಕೂ ಚಕ್ರಗಳಿಗೆ ಚಾಲನೆ ಇದ್ದವು. ಆದರೆ 1992ರಲ್ಲಿ ತಯಾರಾಗಿ ಬಂದದ್ದು ಎರಡು ಟರ್ಬೊಗಳನ್ನು ಹೊಂದಿದ, ಆರು ಸಿಲಿಂಡರಿನ, 3.5 ಲೀಟರ್ ಎಂಜಿನ್. ಚಾಲನೆ ಹಿಂದಿನ ಚಕ್ರಗಳಿಗಷ್ಟೆ. ಮುಂಗಡ ಕೊಟ್ಟಿದ್ದವರಲ್ಲಿ ಕೆಲವರು ನ್ಯಾಯಾಲಯಕ್ಕೂ ಹೋದರು. ಅವರ ಸಿಟ್ಟು ಸಹಜವೇ ಆದರೂ, ಸಿಲಿಂಡರುಗಳನ್ನು ಎಣಿಸಿ ಕಾರನ್ನು ಹಳಿಯುವುದು ನನಗೆ ಸರಿಯೆನಿಸುವುದಿಲ್ಲ. ಎಂಜಿನ್ನಿನ ಬಲವು ಅದು ಪ್ರತಿ ಕ್ಷಣ ಎಷ್ಟು ಗಾಳಿಯೊಂದಿಗೆ ಇಂಧನವನ್ನು ಉರಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಹೊರಹೋಗುವ ಹೊಗೆಯಿಂದಲೇ ತಿರುಗುವ ಟರ್ಬೊ, ಗಾಳಿಯನ್ನು ಒತ್ತಿ ತುಂಬಿ ಸಣ್ಣ ಎಂಜಿನ್ನಿನಿಂದಲೂ 550 ಅಶ್ವಶಕ್ತಿ ಹೊರಡಿಸಿತು. ಪೆಡಲ್ ಒತ್ತಿದ ಬಳಿಕ ಟರ್ಬೊ ವೇಗ ಪಡೆಯುವವರೆಗಿನ ವಿಳಂಬ ಇದರ ದೌರ್ಬಲ್ಯ. ಮೆಕ್‌ಲಾರೆನ್ನಿನ ವಿನ್ಯಾಸಕ ಗಾರ್ಡನ್ ಮರ್ರಿ ಅದನ್ನು ಒಪ್ಪದೆ, ಬಿಎಂಡಬ್ಲ್ಯು ತಯಾರಿಸಿದ 6.1 ಲೀಟರಿನ, ಟರ್ಬೊ ಇಲ್ಲದ ಹನ್ನೆರಡು ಸಿಲಿಂಡರ್ ಎಂಜಿನನ್ನು ಆರಿಸಿಕೊಂಡರು. ಅದರದು 627 ಅಶ್ವಶಕ್ತಿ.

ನನ್ನ ದೃಷ್ಟಿಯಲ್ಲಿ ನಿಜವಾದ ಅಂತರವಿರುವುದು ತೂಕದಲ್ಲಿ. ಜಾಗ್ವಾರ್ ಸುಮಾರು 1,470 ಕಿಲೊ ತೂಗಿದರೆ ಮೆಕ್‌ಲಾರೆನ್ 1,138 ಕಿಲೊ ಮಾತ್ರ. ಟನ್ನಿಗೆ ಲೆಕ್ಕ ಹಾಕಿದರೆ ಒಂದರದು ಸುಮಾರು 375 ಅಶ್ವಶಕ್ತಿ, ಇನ್ನೊಂದರದು 550. ಗರಿಷ್ಠ ವೇಗದಲ್ಲಿ ಗಾಳಿಯೇ ಮುಖ್ಯ ಎದುರಾಳಿಯಾದರೂ, ಆ ವೇಗವನ್ನು ಎಷ್ಟು ಬೇಗ ಮುಟ್ಟಬಹುದೆಂಬುದನ್ನು ದ್ರವ್ಯರಾಶಿ ನಿರ್ಧರಿಸುತ್ತದೆ. ಜಾಗ್ವಾರಿನ ಚೌಕಟ್ಟು ಜೇನುಗೂಡಿನ ರಚನೆಯ ಅಲ್ಯೂಮಿನಿಯಂ ಹಲಗೆಗಳದು. ಮೆಕ್‌ಲಾರೆನ್ನಿನದು ಇಡಿಯಾಗಿ ಕಾರ್ಬನ್ ನಾರಿನದು. ತೂಕ ಉಳಿಸಲು ಮರ್ರಿ ಪವರ್ ಸ್ಟಿಯರಿಂಗನ್ನೂ ಕೈಬಿಟ್ಟರು, ಆದರೆ ಚಿನ್ನವನ್ನು ಬಿಡಲಿಲ್ಲ. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕನ್ನು ಹೊಳಪಿಗಾಗಿ ಅಂಟಿಸಿದರೆ, ಇಲ್ಲಿ ಎಂಜಿನ್ ಕೋಣೆಗೆ ಹೊದಿಸಿದ ತೆಳು ಚಿನ್ನ ಅವಕೆಂಪು ಕಿರಣಗಳನ್ನು ಪ್ರತಿಫಲಿಸಿ, ಬಿಸಿಯು ಕಾರ್ಬನ್ ಭಾಗಗಳನ್ನು ತಟ್ಟದಂತೆ ತಡೆಯುತ್ತದೆ.

ಮೆಕ್‌ಲಾರೆನ್ ಒಟ್ಟು 106 ತಯಾರಾದವು. ಜಾಗ್ವಾರ್ ಮುನ್ನೂರಕ್ಕಿಂತ ಕಡಿಮೆ. 2021ರಲ್ಲಿ ಒಂದು ಎಫ್1 ಹರಾಜಿನಲ್ಲಿ ಎರಡು ಕೋಟಿ ಡಾಲರಿಗೂ ಮೀರಿ ಮಾರಾಟವಾಯಿತು. ಸಂಗ್ರಾಹಕರಿಗೆ ಹಣಕ್ಕಿಂತ ದೊಡ್ಡ ತೊಡಕು ಮುಪ್ಪಿನದು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿರುವಂಥ ಹಳೆಯ ಕಾರುಗಳ ಎಷ್ಟೋ ಲೋಹದ ಬಿಡಿಭಾಗಗಳನ್ನು ಒಳ್ಳೆಯ ಲೇತ್ ಕೆಲಸಗಾರ ಕಡೆದು ಕೊಡಬಲ್ಲ. ಕಾರ್ಬನ್ ನಾರು ತುಕ್ಕು ಹಿಡಿಯದಿದ್ದರೂ, ಈ ಎರಡೂ ಕಾರುಗಳ ಇಂಧನ ಚೀಲಗಳು ಹಳತಾದಂತೆ ಹಾಳಾಗುವುದರಿಂದ ಕೆಲವು ವರ್ಷಗಳಿಗೊಮ್ಮೆ ಬದಲಿಸಲೇಬೇಕು. ಎಫ್1 ಕಾರಿನ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ತಪಾಸಣೆ ಮಾಡಲು ತೊಂಬತ್ತರ ದಶಕದ ಕಾಂಪ್ಯಾಕ್ ಲ್ಯಾಪ್‌ಟಾಪ್ ಬೇಕಾಗಿದ್ದರಿಂದ, ತಯಾರಕರು ಎರಡು ದಶಕ ಕಳೆದ ಮೇಲೂ ಅಂಥವನ್ನು ಜತನದಿಂದ ಇಟ್ಟುಕೊಳ್ಳಬೇಕಾಯಿತು.