ಹೊಸ ಕಾರೋ, ಸೆಕೆಂಡ್ ಹ್ಯಾಂಡೋ? ಮೊದಲು ಎಷ್ಟು ವರ್ಷ ಅಂತ ಹೇಳಿ

"ಏಳು ಲಕ್ಷ ಇದೆ ಸರ್. ಹೊಸ ಚಿಕ್ಕ ಕಾರು ತಗೊಳ್ಳಲಾ, ಇಲ್ಲಾ ಸೆಕೆಂಡ್ ಹ್ಯಾಂಡ್ ನೋಡಲಾ?" ಗ್ಯಾರೇಜಿಗೆ ಬರುವವರು ಜಾಸ್ತಿ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದು ಒಂದೇ: ಎಷ್ಟು ವರ್ಷ ಇಟ್ಟುಕೊಳ್ತೀರಿ? ಬಜೆಟ್ ಗೊತ್ತಿರುತ್ತದೆ, ಬೇಕಾದ ಬಣ್ಣವೂ ಗೊತ್ತಿರುತ್ತದೆ. ಇದಕ್ಕೆ ಮಾತ್ರ ಉತ್ತರ ರೆಡಿ ಇರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಅಂದಾಜು ಅಷ್ಟೆ, ನಿಮ್ಮ ಕಾರಿನ ಅಂಕಿ ಹಾಕಿ ನೀವೇ ತಿದ್ದಿಕೊಳ್ಳಿ. ಎಕ್ಸ್ ಶೋರೂಂ 6 ಲಕ್ಷದ ಪೆಟ್ರೋಲ್ ಕಾರು. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 14, ಅದರ ಮೇಲೆ ಸೆಸ್ ಬೇರೆ. ಅಲ್ಲಿಗೇ 90 ಸಾವಿರ ದಾಟಿತು. ಇನ್ಶೂರೆನ್ಸ್ ಸೇರಿಸಿದರೆ ಆನ್ ರೋಡ್ ಏಳೂಕಾಲು ಲಕ್ಷ. ಮೂರು ವರ್ಷಕ್ಕೆ ಬೇಜಾರಾಗಿ ಮಾರಿದರೆ ನಾಲ್ಕೂವರೆ ಲಕ್ಷದ ಆಸುಪಾಸು ಸಿಗಬಹುದು. ಅಂದರೆ ವರ್ಷಕ್ಕೆ ಸುಮಾರು 90 ಸಾವಿರ ಹೋಯಿತು. ಪೆಟ್ರೋಲ್, ಸರ್ವೀಸ್ ಇದರಲ್ಲಿ ಸೇರಿಲ್ಲ. ಅದೇ ಕಾರನ್ನು ಹತ್ತು ವರ್ಷ ಓಡಿಸಿ ಒಂದೂಮುಕ್ಕಾಲು ಲಕ್ಷಕ್ಕೆ ಕೊಟ್ಟರೆ, ನಡುವಿನ ಟೈರು, ರಿಪೇರಿ ಎಲ್ಲ ಸೇರಿಸಿದರೂ ವರ್ಷಕ್ಕೆ 60 ಸಾವಿರದ ಸ್ವಲ್ಪ ಮೇಲೆ.

ಈಗ ನಾಲ್ಕು ವರ್ಷದ ಅದೇ ಮಾಡೆಲ್, 4 ಲಕ್ಷಕ್ಕೆ. ಟೈರು, ಬ್ಯಾಟರಿ, ಕ್ಲಚ್ ಅಂತ ತಂದ ತಕ್ಷಣ 40 ಸಾವಿರ ತೆಗೆದಿಡಿ. ಐದು ವರ್ಷ ಓಡಿಸಿ 2 ಲಕ್ಷಕ್ಕೆ ಮಾರಿದರೆ, ರಿಪೇರಿ ಸೇರಿ ವರ್ಷಕ್ಕೆ 55 ಸಾವಿರ ಚಿಲ್ಲರೆ. ಹತ್ತು ವರ್ಷ ಇಟ್ಟ ಹೊಸ ಕಾರಿಗೂ ಇದಕ್ಕೂ ಅಂಥ ವ್ಯತ್ಯಾಸ ಇಲ್ಲ, ಅಲ್ವಾ? ಸಾಲ ಮಾಡಿ ಕೊಳ್ಳುವುದಾದರೆ ಇರುವ ಚೂರು ವ್ಯತ್ಯಾಸವೂ ಹೋಗುತ್ತದೆ. ಹಳೆ ಕಾರಿನ ಸಾಲಕ್ಕೆ ಬಡ್ಡಿ ಯಾವಾಗಲೂ ಜಾಸ್ತಿ.

ಹಾಗಾಗಿ ಹತ್ತು ವರ್ಷ ಓಡಿಸುವ ಮನುಷ್ಯ ನೀವಾದರೆ ಹೊಸದು ತಗೊಳ್ಳಿ. ಮೂರು ನಾಲ್ಕು ವರ್ಷಕ್ಕೆ ಬದಲಾಯಿಸುವ ಚಟ ಇದ್ದರೆ ಹಳೆಯದೇ ಸರಿ. ಲೈಫ್ ಟ್ಯಾಕ್ಸನ್ನು ಮೊದಲ ಮಾಲೀಕ ಕಟ್ಟಿದ್ದಾನೆ, ಮೊದಲ ವರ್ಷಗಳ ದೊಡ್ಡ ಇಳಿತವನ್ನೂ ಅವನೇ ನುಂಗಿದ್ದಾನೆ. ಭಾನುವಾರ ಮಾತ್ರ ಮನೆಯಿಂದ ಹೊರಡುವ ಕಾರಿಗೆ ಏಳು ಲಕ್ಷ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.

ಒಂದು ಕಡೆ ಮಾತ್ರ ನಾನು ಖಡಾಖಂಡಿತ: ಒಂದು, ಎರಡು ವರ್ಷದ ಹಳೆ ಕಾರು ಬೇಡ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿದ್ದ ಸೆಸ್ಸೂ ಹೋಯಿತು. ಸಣ್ಣ ಕಾರು ಅನ್ನಿಸಿಕೊಳ್ಳಲು ಪೆಟ್ರೋಲಾದರೆ ಎಂಜಿನ್ 1200 ಸಿಸಿ, ಉದ್ದ 4 ಮೀಟರ್ ಒಳಗಿರಬೇಕು. ಅದಕ್ಕೂ ಮುಂಚೆ ಕೊಂಡವರು ಇನ್ನೂ ತಮ್ಮ ಹಳೇ ಬಿಲ್ಲು ಹಿಡಿದು ಬೆಲೆ ಹೇಳುತ್ತಾರೆ. ಅವರ ಹೊಟ್ಟೆಯುರಿ ಅರ್ಥವಾಗುತ್ತದೆ, ಆದರೆ ಅದಕ್ಕೆ ನೀವು ಯಾಕೆ ದುಡ್ಡು ಕೊಡಬೇಕು?

ಹಾಗಂತ ತೀರಾ ಹಳೆಯದಕ್ಕೂ ಹೋಗಬೇಡಿ. ಸಣ್ಣ ಕಾರುಗಳ ವಿಷಯದಲ್ಲಿ ತಯಾರಾದ ತಿಂಗಳು ತುಂಬಾ ಮುಖ್ಯ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಲ್ಲ ಕಾರಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಡ್ರೈವರ್ ಏರ್‌ಬ್ಯಾಗ್ 2019ರ ಜುಲೈನಲ್ಲಿ. ಪಕ್ಕದ ಸೀಟಿನ ಏರ್‌ಬ್ಯಾಗ್ ಆಗಲೇ ಮಾರಾಟದಲ್ಲಿದ್ದ ಮಾಡೆಲ್‌ಗಳಿಗೂ ಬಂದದ್ದು 2022ರ ಹೊತ್ತಿಗೆ. ಅಂದರೆ 2018ರ ಬೇಸ್ ಮಾಡೆಲ್ ಆಲ್ಟೊ ನಿಮಗೆ ಅಗ್ಗಕ್ಕೆ ಸಿಕ್ಕರೆ ಅದರಲ್ಲಿ ಒಂದು ಏರ್‌ಬ್ಯಾಗೂ ಇಲ್ಲದಿರಬಹುದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಹೋಗುವವರಿಗೆ ನಾನು ಅದನ್ನು ಹೇಳುವುದಿಲ್ಲ. 2022 ಮತ್ತು ಆಮೇಲಿನದು ಸಿಕ್ಕರೆ ಒಳ್ಳೆಯದು. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ರಿಜಿಸ್ಟ್ರೇಷನ್ ದಿನಾಂಕ ನೋಡಿ ಮೋಸ ಹೋಗಬೇಡಿ. ಸ್ಟಾಕ್ ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯೂ ಇರುತ್ತದೆ.

ಪೆಟ್ರೋಲಿನ ಮಾತೂ ಬಂತು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಇರುವ ಪೆಟ್ರೋಲ್. 2023ರ ಏಪ್ರಿಲ್‌ಗಿಂತ ಹಿಂದಿನ ಹೆಚ್ಚಿನ ಕಾರುಗಳು ಇದಕ್ಕಾಗಿ ಮಾಡಿದವಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ರಬ್ಬರ್ ಪೈಪು, ಸೀಲುಗಳ ಮೇಲೆ ಕಣ್ಣಿಡಿ. ಗಾಬರಿ ಬೇಡ.

ಇನ್ನು ಗಾಡಿ ನೋಡುವುದು. "ಡಾಕ್ಟರ್ ಗಾಡಿ ಸರ್, ಸಿಂಗಲ್ ಹ್ಯಾಂಡ್, ಬರೀ 30 ಸಾವಿರ ಓಡಿದೆ" ಅನ್ನುತ್ತಾರೆ ಬ್ರೋಕರ್‌ಗಳು. ಊರಿನ ಡಾಕ್ಟರೆಲ್ಲ ವರ್ಷಕ್ಕೆರಡು ಕಾರು ಮಾರುತ್ತಾರೇನೋ! ನಾನು ಮೀಟರ್ ನೋಡುವುದೇ ಕೊನೆಗೆ. ಮೊದಲು ಕ್ಲಚ್ ಪೆಡಲಿನ ರಬ್ಬರ್. ಸವೆದು ನುಣ್ಣಗಾಗಿದ್ದರೆ, ಸ್ಟೀರಿಂಗ್ ಮಿರಮಿರ ಹೊಳೆಯುತ್ತಿದ್ದರೆ, 30 ಸಾವಿರ ಸುಳ್ಳು. ಆಮೇಲೆ ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ. 2321 ಅಂದರೆ 2021ರ 23ನೇ ವಾರದಲ್ಲಿ ಆದ ಟೈರು. ಟೈರು ಗಾಡಿಗಿಂತ ಹೊಸದಾಗಿದ್ದರೆ, ಅಷ್ಟು ಕಡಿಮೆ ಓಡಿದ ಗಾಡಿಗೆ ನಾಲ್ಕೂ ಟೈರು ಯಾಕೆ ಬದಲಾಯಿಸಿದರು ಅಂತ ಕೇಳಿ. ಕಂಪನಿ ಸರ್ವೀಸ್ ಸೆಂಟರಿನ ದಾಖಲೆಯಲ್ಲಿ ಪ್ರತಿ ಸರ್ವೀಸಿನ ಕಿಲೋಮೀಟರ್ ಇರುತ್ತದೆ. ಮಾರುವವನು ಅದನ್ನು ತೆಗೆಸಿಕೊಡಲು ಸತಾಯಿಸಿದರೆ ಎದ್ದು ಬನ್ನಿ.

ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ಒಂದಡಿಯಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ನೀರಲ್ಲಿ ಮುಳುಗಿದ್ದು. 2022ರ ಮಳೆಗೆ ಬೆಂಗಳೂರಿನ ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ಎಷ್ಟು ಕಾರು ಮುಳುಗಿದವು ಅಂತ ಎಲ್ಲರೂ ನೋಡಿದ್ದೇವೆ. ಕಾರ್ಪೆಟ್ ತೊಳೆಯಬಹುದು, ವಾಸನೆಗೆ ಸೆಂಟು ಹೊಡೆಯಬಹುದು. ಸೀಟಿನ ಕೆಳಗಿನ ಬೋಲ್ಟಿನ ತುಕ್ಕು, ವೈರಿಂಗ್ ಕನೆಕ್ಟರಿನ ಹಸಿರು ಪಾಚಿಯಂಥ ಕಲೆ ಹೋಗುವುದಿಲ್ಲ. ಇಂಥ ಗಾಡಿ ಎಷ್ಟು ಅಗ್ಗವಾದರೂ ಬೇಡ. ಎಲೆಕ್ಟ್ರಿಕಲ್ ಕಾಯಿಲೆ ಹಿಡಿಯಲು ನಮಗೇ ವಾರ ಬೇಕಾಗುತ್ತದೆ.

ಡೆಲ್ಲಿ ನಂಬರಿನ ಗಾಡಿಗಳ ಬೆಲೆ ನೋಡಿ ಬಾಯಲ್ಲಿ ನೀರೂರುವುದು ಸಹಜ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ತಂದ ನಿರ್ಬಂಧದಿಂದ ಅವು ಅಗ್ಗಕ್ಕೆ ಬರುತ್ತಿವೆ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ಗಾಡಿಯ ವಯಸ್ಸಿನ ಪ್ರಕಾರ ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಿ, ಕೆಎ ನಂಬರ್ ಮಾಡಿಸಬೇಕು. ಉಳಿತಾಯ ಅಲ್ಲೇ ಕರಗುತ್ತದೆ.

ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಗಾಡಿ ನಂಬರ್ ಹಾಕಿ ಟ್ರಾಫಿಕ್ ಫೈನ್ ಬಾಕಿ ನೋಡಿ. ಬೆಂಗಳೂರಿನ ಗಾಡಿಯಾದರೆ ಇದನ್ನು ಮರೆಯಲೇಬೇಡಿ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಇನ್ಶೂರೆನ್ಸ್, ಎಷ್ಟನೇ ಮಾಲೀಕ ಅಂತ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಬ್ಯಾಂಕ್ ಎನ್‌ಒಸಿ, ಸಾಲ ತೀರಿದೆ ಅಂತ ಹೇಳುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು "ಆಮೇಲೆ ಟ್ರಾನ್ಸ್‌ಫರ್ ಮಾಡಿಸೋಣ" ಅಂತ ಡ್ರಾಯರಿನಲ್ಲಿ ಇಡಬೇಡಿ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲದಿದ್ದರೆ ನಿಮ್ಮ ಗಾಡಿ ಗುದ್ದಿಸಿಕೊಂಡಾಗ ಕ್ಲೇಮ್ ಸಿಗದೆ ಹೋಗಬಹುದು. ಹಳೆ ಮಾಲೀಕನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೆ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವನ ಜೊತೆಗೇ ಹೋಗುತ್ತದೆ. ಹಾಗಾಗಿ ಪ್ರೀಮಿಯಂ ವ್ಯತ್ಯಾಸ ಕಟ್ಟಲು ಬಂದರೆ ಏಜೆಂಟ್ ಮೇಲೆ ರೇಗಬೇಡಿ.