ಹದಿಮೂರು ಕಪ್ ಗೆದ್ದ ಹರ್ಷಿ ಬೇರ್ಸ್‌ಗೆ ಎನ್‌ಎಚ್‌ಎಲ್ ಬಡ್ತಿ ಯಾಕಿಲ್ಲ?

ಪ್ರಶ್ನೆ: ಅಮೆರಿಕದ ಹರ್ಷಿ ಬೇರ್ಸ್ ಐಸ್ ಹಾಕಿ ತಂಡ ಕಾಲ್ಡರ್ ಕಪ್ ಅನ್ನು 13 ಸಲ ಗೆದ್ದಿದೆಯಂತೆ. ಇಷ್ಟು ಗೆದ್ದರೂ ಅದನ್ನು ಅಲ್ಲಿನ ಅತಿ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ಗೆ (ನ್ಯಾಷನಲ್ ಹಾಕಿ ಲೀಗ್) ಯಾಕೆ ಸೇರಿಸಿಕೊಂಡಿಲ್ಲ? ಇನ್ನೆಷ್ಟು ಕಪ್ ಗೆಲ್ಲಬೇಕು?

ಉತ್ತರ: ಇನ್ನೂ ನೂರು ಗೆದ್ದರೂ ಸೇರುವುದಿಲ್ಲ. ಜೂನ್‌ನಲ್ಲಿ ಕಾಲ್ಡರ್ ಕಪ್ ಫೈನಲ್ ಮುಗಿಯುವುದೇ ತಡ, ಈ ಪ್ರಶ್ನೆ ಹಾಜರ್. ಒಂದೊಂದು ಸಾಲಿನಲ್ಲಿ ಉತ್ತರಿಸಿ ಸಾಕಾಗಿದೆ, ಹಾಗಾಗಿ ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಮೊದಲು 13ರ ಲೆಕ್ಕ. 1947, 1958, 1959, 1969, 1974, 1980, 1988, 1997, 2006, 2009, 2010, 2023, 2024. ಕಾಲ್ಡರ್ ಕಪ್ ಕೊಡುವ ಎಎಚ್‌ಎಲ್‌ನಲ್ಲಿ, ಅಂದರೆ ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಅಮೆರಿಕನ್ ಹಾಕಿ ಲೀಗ್‌ನಲ್ಲಿ, ಇಷ್ಟು ಕಪ್ ಬೇರೆ ಯಾರ ಬಳಿಯೂ ಇಲ್ಲ. ಮೊದಲು ಈ ದಾಖಲೆ ಒಂಬತ್ತು ಕಪ್ ಗೆದ್ದ ಕ್ಲೀವ್‌ಲ್ಯಾಂಡ್ ಬ್ಯಾರನ್ಸ್ ತಂಡದ್ದಾಗಿತ್ತು. ಹರ್ಷಿ 2006ರಲ್ಲಿ ಅದನ್ನು ಸರಿಗಟ್ಟಿ, 2009ರಲ್ಲಿ ದಾಟಿತು. ಪಟ್ಟಿಯಲ್ಲಿ ನನಗೆ ಅಚ್ಚುಮೆಚ್ಚಿನದು 1988. ಆ ವರ್ಷ ಪ್ಲೇಆಫ್‌ನ ಮೂರು ಸುತ್ತುಗಳಲ್ಲಿ ಹನ್ನೆರಡು ಪಂದ್ಯ ಆಡಿ ಹನ್ನೆರಡನ್ನೂ ಗೆದ್ದರು. 2010ರ ಫೈನಲ್ ಅದಕ್ಕೆ ತದ್ವಿರುದ್ಧ: ಟೆಕ್ಸಸ್ ಸ್ಟಾರ್ಸ್ ಎದುರು ತವರಿನಲ್ಲೇ ಮೊದಲ ಎರಡು ಪಂದ್ಯ ಸೋತು, ಆಮೇಲೆ ಸತತ ನಾಲ್ಕು ಗೆದ್ದು ಕಪ್ ಎತ್ತಿದರು. 2023ರಲ್ಲಿ ಕೋಚೆಲ್ಲಾ ವ್ಯಾಲಿ ಫೈರ್‌ಬರ್ಡ್ಸ್ ಎದುರು ಏಳನೇ ಪಂದ್ಯ ಓವರ್‌ಟೈಮ್‌ಗೆ ಹೋಗಿ, ಮೈಕ್ ವೆಕಿಯೋನೆ ಹೊಡೆದ ಗೋಲಿನಿಂದ ತೀರ್ಮಾನವಾಯಿತು. ಮರುವರ್ಷ ಅದೇ ಎದುರಾಳಿ, ಆರನೇ ಪಂದ್ಯ, ಮತ್ತೆ ಓವರ್‌ಟೈಮ್, ಮತ್ತೆ ಹರ್ಷಿ.

ಪೆನ್ಸಿಲ್ವೇನಿಯಾದ ಹರ್ಷಿ ಎಂಬುದು ಚಾಕೊಲೇಟ್ ಕಂಪನಿಯ ಸುತ್ತ ಬೆಳೆದ ಊರು. ಜನಸಂಖ್ಯೆ ಹದಿನಾಲ್ಕು ಸಾವಿರದ ಆಸುಪಾಸು. ತಂಡ 2002ರಿಂದ ಆಡುತ್ತಿರುವ ಜೈಂಟ್ ಸೆಂಟರ್‌ನಲ್ಲಿ ಹಾಕಿ ನೋಡಲು ಹತ್ತು ಸಾವಿರದ ಐನೂರು ಆಸನ! 1932ರಲ್ಲಿ ಶುರುವಾದಾಗ ತಂಡದ ಹೆಸರು 'ಹರ್ಷಿ ಬಾರ್ಸ್'. ಹೌದು, ಚಾಕೊಲೇಟ್ ಬಾರ್‌ನ ಬಾರ್. ಇದು ತೀರಾ ಜಾಹೀರಾತಿನಂತಿದೆ ಎಂಬ ಆಕ್ಷೇಪ ಬಂದು 1936ರಲ್ಲಿ 'ಬೇರ್ಸ್' ಆಯಿತು, ಬಾರ್ ಹೋಗಿ ಕರಡಿ ಬಂತು. 1938ರಲ್ಲಿ ಈಗಿನ ಲೀಗ್‌ಗೆ ಸೇರಿದ್ದು, ಅಲ್ಲಿಂದ ಒಂದು ಋತುವೂ ತಪ್ಪಿಲ್ಲ. ಆದರೆ ಲೀಗಿನ ಸ್ಥಾಪಕ ತಂಡ ಅನ್ನಬೇಡಿ. ಹರ್ಷಿ ಬರುವ ಹೊತ್ತಿಗೆ ಲೀಗ್‌ಗೆ ಎರಡು ವರ್ಷವಾಗಿತ್ತು.

ಈಗ ಬಡ್ತಿಯ ವಿಷಯ. ಇಂಗ್ಲೆಂಡಿನ ಫುಟ್‌ಬಾಲ್ ನೋಡುವವರಿಗೆ, ಬೆಂಗಳೂರಿನ ಡಿವಿಷನ್ ಲೀಗ್‌ಗಳಲ್ಲಿ ಆಡಿದವರಿಗೆ, ಕೆಳಗಿನ ದರ್ಜೆ ಗೆದ್ದವರು ಮೇಲಕ್ಕೆ, ಮೇಲಿನ ದರ್ಜೆಯಲ್ಲಿ ಸೋತವರು ಕೆಳಕ್ಕೆ ಎಂಬುದು ಸಹಜ ನಿಯಮ. ಉತ್ತರ ಅಮೆರಿಕದ ವೃತ್ತಿಪರ ಹಾಕಿಯಲ್ಲಿ ಆ ಏಣಿಯೇ ಇಲ್ಲ. ಎನ್‌ಎಚ್‌ಎಲ್‌ನಲ್ಲಿ ಜಾಗ ಸಿಗುವುದು ದುಡ್ಡು ಕೊಟ್ಟು ಕೊಂಡಾಗ, ಅದೂ ಉಳಿದ ಮಾಲೀಕರು ಒಪ್ಪಿದಾಗ. 2017ರಲ್ಲಿ ಆಟ ಶುರುಮಾಡಿದ ವೇಗಸ್ ತೆತ್ತ ಪ್ರವೇಶ ಶುಲ್ಕ 50 ಕೋಟಿ ಡಾಲರ್. 2021ರಲ್ಲಿ ಬಂದ ಸಿಯಾಟಲ್‌ಗೆ ಅದು 65 ಕೋಟಿ. ಇವೆರಡೂ ಕೆಳಗಿನ ಲೀಗ್‌ನಲ್ಲಿ ಗೆದ್ದು ಬಂದ ತಂಡಗಳಲ್ಲ, ಹೊಸದಾಗಿ ಕಟ್ಟಿದವು. ನಮಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, 2024ರಲ್ಲಿ ಮಹಾರಾಜ ಟ್ರೋಫಿ ಗೆದ್ದ ಮೈಸೂರು ವಾರಿಯರ್ಸ್ ಮರುವರ್ಷ ಐಪಿಎಲ್ ಆಡಲಿಲ್ಲ, ಆಡಬೇಕೆಂದು ಯಾರೂ ಕೇಳಲೂ ಇಲ್ಲ. ಅದೇ ಪ್ರಶ್ನೆಯನ್ನು ಹರ್ಷಿಯ ಬಗ್ಗೆ ಮಾತ್ರ ಕೇಳುತ್ತೇವೆ.

"ಇಲ್ಲ ಸಾರ್, ಹಿಂದೆ ಬಡ್ತಿ ಸಿಗುತ್ತಿತ್ತು" ಎನ್ನುವವರೂ ಇದ್ದಾರೆ. ಅವರು ಕೊಡುವ ಉದಾಹರಣೆ ಯಾವಾಗಲೂ ಒಂದೇ, ವ್ಯಾಂಕೂವರ್ ಕನಕ್ಸ್. ಆ ಹೆಸರಿನ ತಂಡ ಪಶ್ಚಿಮದ ಮೈನರ್ ಲೀಗ್ (ಕೆಳಗಿನ ದರ್ಜೆಯ ಲೀಗ್) ಅನ್ನು 1969 ಮತ್ತು 1970ರಲ್ಲಿ ಗೆದ್ದದ್ದು ನಿಜ, 1970ರಲ್ಲೇ ವ್ಯಾಂಕೂವರ್ ಕನಕ್ಸ್ ಎನ್‌ಎಚ್‌ಎಲ್‌ಗೆ ಬಂದದ್ದೂ ನಿಜ. ಆದರೆ ಬಂದದ್ದು 60 ಲಕ್ಷ ಡಾಲರ್ ಶುಲ್ಕ ಕಟ್ಟಿ. 1967ರ ವಿಸ್ತರಣೆಯ ಹೊತ್ತಿಗೆ ಅದೇ ಊರು ಅರ್ಜಿ ಹಾಕಿ ಬರಿಗೈಯಲ್ಲಿ ಮರಳಿತ್ತು. ಬಡ್ತಿಗೆ ಕಪ್ಪೇ ಕಾರಣವಾಗಿದ್ದರೆ ದುಡ್ಡು ಯಾಕೆ ಕಟ್ಟಬೇಕಿತ್ತು?

ಇನ್ನು ಕಪ್ ಗೆದ್ದವರ ಗತಿ ಏನಾಯಿತು ನೋಡಿ. 1967ರಲ್ಲಿ ಕಾಲ್ಡರ್ ಕಪ್ ಗೆದ್ದದ್ದು ಪಿಟ್ಸ್‌ಬರ್ಗ್ ಹಾರ್ನೆಟ್ಸ್. ಅದೇ ವರ್ಷ ಊರಿಗೆ ಎನ್‌ಎಚ್‌ಎಲ್ ಬಂತು, ಪೆಂಗ್ವಿನ್ಸ್ ಹೆಸರಿನಲ್ಲಿ. ಹಾರ್ನೆಟ್ಸ್ ಬಾಗಿಲು ಹಾಕಿತು. 1970ರಲ್ಲಿ ಕಪ್ ಗೆದ್ದದ್ದು ಬಫಲೋ ಬೈಸನ್ಸ್. ಅದೇ ವರ್ಷ ಆ ಊರಿಗೂ ಎನ್‌ಎಚ್‌ಎಲ್ ಬಂತು, ಸೇಬರ್ಸ್ ಹೆಸರಿನಲ್ಲಿ. ಬೈಸನ್ಸ್ ಕೂಡ ಅಲ್ಲಿಗೇ ಮುಗಿಯಿತು. ಊರಿಗೆ ದೊಡ್ಡ ತಂಡ ಬಂದರೆ ಚಿಕ್ಕ ತಂಡಕ್ಕೆ ಸಿಗುವುದು ಬಡ್ತಿಯಲ್ಲ, ಮಂಗಳಾರತಿ. ತೀರಾ ಈಚಿನದು ಇನ್ನೂ ವಿಚಿತ್ರ. ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ಮೊನಾರ್ಕ್ಸ್ 2015ರಲ್ಲಿ ಕಾಲ್ಡರ್ ಕಪ್ ಗೆದ್ದಿತು. ಆ ಬೇಸಿಗೆಯಲ್ಲೇ ಐದು ಎಎಚ್‌ಎಲ್ ತಂಡಗಳನ್ನು ಕ್ಯಾಲಿಫೋರ್ನಿಯಾಕ್ಕೆ ಸಾಗಿಸುವ ಏರ್ಪಾಡಾಗಿತ್ತು, ಅದರಲ್ಲಿ ಮ್ಯಾಂಚೆಸ್ಟರ್‌ನದೂ ಒಂದು. ಬದಲಿಗೆ ಆ ಊರಿಗೆ ಬಂದದ್ದು ಒಂದು ಮೆಟ್ಟಿಲು ಕೆಳಗಿನ ಇಸಿಎಚ್‌ಎಲ್ ತಂಡ, ಅದೇ ಮೊನಾರ್ಕ್ಸ್ ಹೆಸರಿನಲ್ಲಿ. ಚಾಂಪಿಯನ್ ಊರು ಮರುಋತುವಿನಲ್ಲಿ ಕೆಳಗಿನ ಲೀಗ್‌ನಲ್ಲಿತ್ತು.

ಕ್ಲೀವ್‌ಲ್ಯಾಂಡ್ ಬ್ಯಾರನ್ಸ್ ಒಂದೇ ಸಾಕು ಈ ಮೂಢನಂಬಿಕೆಯನ್ನು ಹೂಳಲು. 1952ರ ಹೊತ್ತಿಗೆ ಐದು ಕಪ್ ಗೆದ್ದಿದ್ದ ತಂಡ ಅದು. ಎನ್‌ಎಚ್‌ಎಲ್‌ಗೆ ಅರ್ಜಿ ಹಾಕಿತು. ಎನ್‌ಎಚ್‌ಎಲ್ ಮೊದಲು ಷರತ್ತು ಹಾಕಿ ಒಪ್ಪಿ, ಕೊನೆಗೆ ಕೈಯಲ್ಲಿ ಬಂಡವಾಳ ಸಾಲದು ಎಂದು ತಳ್ಳಿಹಾಕಿತು. ಕಪಾಟಿನಲ್ಲಿದ್ದ ಐದು ಕಪ್ಪುಗಳು ಲೆಕ್ಕಕ್ಕೇ ಬರಲಿಲ್ಲ.

ಹಾಗಾದರೆ ಮೇಲಕ್ಕೆ ಹೋಗುವವರು ಯಾರು? ಆಟಗಾರರು, ಕೋಚ್‌ಗಳು. ಎನ್‌ಎಚ್‌ಎಲ್‌ನಲ್ಲಿ 32 ತಂಡ, ಎಎಚ್‌ಎಲ್‌ನಲ್ಲೂ 32. ಒಂದಕ್ಕೆ ಒಂದು ಜೋಡಿ. ಹರ್ಷಿಯ ಜೋಡಿ 2005ರಿಂದ ವಾಷಿಂಗ್ಟನ್ ಕ್ಯಾಪಿಟಲ್ಸ್, ಅದಕ್ಕೂ ಮೊದಲು ಕೊಲರಾಡೊ, ಅದಕ್ಕೂ ಹಿಂದೆ ಫಿಲಡೆಲ್ಫಿಯಾ. ಮುಖ್ಯ ಆಟಗಾರರ ಒಪ್ಪಂದ ವಾಷಿಂಗ್ಟನ್ ಜೊತೆಗಿರುತ್ತದೆ. ಅಲ್ಲಿ ಯಾರಿಗಾದರೂ ಗಾಯವಾದರೆ ಮಧ್ಯಾಹ್ನ ಫೋನ್ ಬರುತ್ತದೆ, ಹುಡುಗ ಎರಡು-ಎರಡೂವರೆ ಗಂಟೆ ಕಾರಿನಲ್ಲಿ ಹೋಗಿ ರಾತ್ರಿ ಎನ್‌ಎಚ್‌ಎಲ್ ಆಡುತ್ತಾನೆ. ಮೇಲಕ್ಕೆ ಕರೆಸಿಕೊಳ್ಳುವುದು ಸುಲಭ, ಕೆಳಗೆ ಕಳಿಸುವಾಗ ತೊಡಕು. ಅನುಭವಿ ಆಟಗಾರನಾದರೆ ಮೊದಲು ಅವನನ್ನು ವೇವರ್ಸ್ ಪಟ್ಟಿಗೆ ಹಾಕಬೇಕು, 24 ಗಂಟೆಯೊಳಗೆ ಬೇರೆ ಯಾವ ತಂಡ ಬೇಕಾದರೂ ಎತ್ತಿಕೊಂಡು ಹೋಗಬಹುದು. ಬ್ರೂಸ್ ಬುಡ್ರೊ 2006ರಲ್ಲಿ ಹರ್ಷಿಗೆ ಕಪ್ ಗೆದ್ದುಕೊಟ್ಟ ಕೋಚ್. 2007ರ ನವೆಂಬರ್‌ನಲ್ಲಿ ಅವರನ್ನೇ ವಾಷಿಂಗ್ಟನ್ ಕರೆಸಿಕೊಂಡಿತು. ಬಡ್ತಿ ಅಂದರೆ ಇದು.

ಅಂದಹಾಗೆ, 'ಮೈನರ್' ಎಂದರೆ ಅಪ್ರಾಪ್ತರಲ್ಲ. ಇವರೆಲ್ಲ ಸಂಬಳ ಪಡೆಯುವ ವೃತ್ತಿಪರರು, ಮಕ್ಕಳೊಂದಿಗರೂ ಇದ್ದಾರೆ. ಆದರೆ ಹಳಬರನ್ನೇ ತುಂಬಿಕೊಂಡು ಕಪ್ ಗೆಲ್ಲಲು ಬಿಡುವುದಿಲ್ಲ. ಒಂದು ಪಂದ್ಯಕ್ಕೆ ಇಳಿಸುವ 18 ಆಟಗಾರರಲ್ಲಿ, ಗೋಲ್‌ಕೀಪರ್‌ಗಳನ್ನು ಬಿಟ್ಟು, ಬಹುಪಾಲು ಜನ 260ಕ್ಕಿಂತ ಹೆಚ್ಚು ವೃತ್ತಿಪರ ಪಂದ್ಯ ಆಡಿರಬಾರದು.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹರ್ಷಿಯ ಅತ್ಯುತ್ತಮ ಋತು ಯಾವುದು? ಪಟ್ಟಿಯಲ್ಲಿ 53-14-0-5 ಅಂತ ನೋಡಿ, ಸೊನ್ನೆಯನ್ನು ಡ್ರಾ ಎಂದುಕೊಳ್ಳುವವರೇ ಹೆಚ್ಚು. ಎಎಚ್‌ಎಲ್‌ನಲ್ಲಿ 2004-05ರಿಂದ ಡ್ರಾ ಇಲ್ಲ. ನಾಲ್ಕು ಅಂಕಿಗಳ ಕ್ರಮ ಹೀಗೆ: ಗೆಲುವು, ಮಾಮೂಲಿ ಸೋಲು, ಓವರ್‌ಟೈಮ್‌ನಲ್ಲಿ ಸೋಲು, ಶೂಟೌಟ್‌ನಲ್ಲಿ ಸೋಲು. ಗೆಲುವಿಗೆ ಎರಡು ಅಂಕ, ಕೊನೆಯ ಎರಡಕ್ಕೆ ಒಂದೊಂದು. ಅಂದರೆ 53ಕ್ಕೆ 106, ಐದು ಶೂಟೌಟ್ ಸೋಲಿಗೆ ಐದು, ಒಟ್ಟು 111. ಇದು 2023-24ರ ಲೆಕ್ಕ.

2009-10ರಲ್ಲಿ ಹರ್ಷಿ 60-17-0-3. ಅರವತ್ತು ಗೆಲುವು ಲೀಗಿನ ದಾಖಲೆ, ಅಂಕ 123. ಹಾಗಾದರೆ ಅದೇ ದೊಡ್ಡದಲ್ಲವೇ? ಆತುರ ಬೇಡ. ಆಗ ಋತುವಿಗೆ 80 ಪಂದ್ಯ, ಈಗ 72. ಹೋಲಿಸುವುದಾದರೆ ಸಿಗಬಹುದಾಗಿದ್ದ ಅಂಕಗಳಿಂದ ಭಾಗಿಸಬೇಕು. 123 ಅನ್ನು 160ರಿಂದ ಭಾಗಿಸಿದರೆ 0.769. 111 ಅನ್ನು 144ರಿಂದ ಭಾಗಿಸಿದರೆ 0.771. ಕೂದಲೆಳೆಯ ಅಂತರದಲ್ಲಿ 2023-24 ಮೇಲು. ಬರೀ ಗೆಲುವಿನ ಪ್ರಮಾಣ ತೆಗೆದುಕೊಂಡರೆ ಮತ್ತೆ 2009-10 ಮುಂದೆ, ನೂರಕ್ಕೆ 75. ಎರಡೂ ಋತುಗಳಲ್ಲಿ ಕಪ್ ಬಂದಿದೆ, ಜಗಳ ಬೇಡ.

ಆದರೆ ಅಂಕಗಳ ದಾಖಲೆ ಹರ್ಷಿಯದಲ್ಲ. 1992-93ರಲ್ಲಿ ಬಿಂಗ್‌ಹ್ಯಾಮ್‌ಟನ್ ರೇಂಜರ್ಸ್ 57 ಗೆಲುವು, 13 ಸೋಲು, 10 ಡ್ರಾಗಳಿಂದ 124 ಅಂಕ ಗಳಿಸಿತು. ಹರ್ಷಿಗಿಂತ ಮೂರು ಗೆಲುವು ಕಡಿಮೆ, ಅಂಕ ಒಂದು ಹೆಚ್ಚು. ಆಗ ಡ್ರಾ ಇತ್ತಲ್ಲ, ಹತ್ತು ಅಂಕ ಅಲ್ಲಿಂದ ಬಂತು. ಆ ವರ್ಷದ ಕಾಲ್ಡರ್ ಕಪ್ ಮಾತ್ರ ಕೇಪ್ ಬ್ರೆಟನ್ ಆಯಿಲರ್ಸ್ ಪಾಲಾಯಿತು.