ಮರುಭೂಮಿ ಚಾರಣ: ಹಿಂತಿರುಗುವ ನಿರ್ಧಾರ ಹೊರಡುವ ಮೊದಲೇ ಆಗಲಿ

ಬಿಸಿಲು ತಲೆಗೇರಿದವರಿಗೆ ಅದು ತಲೆಗೇರಿರುವುದೇ ಗೊತ್ತಾಗುವುದಿಲ್ಲ. ಮೈ ಕಾದಂತೆಲ್ಲ ವಿವೇಚನೆ ಮಂಕಾಗುತ್ತದೆ. ಆದ್ದರಿಂದ ಎಷ್ಟು ಗಂಟೆಗೆ, ಎಷ್ಟು ನೀರು ಉಳಿದಾಗ ಹಿಂತಿರುಗಬೇಕು ಎಂಬುದನ್ನು ಹೊರಡುವ ಮುನ್ನವೇ ಬರೆದು ಜತೆಗಾರರಿಗೆ ಕೊಡಿ. ದಾರಿಯಲ್ಲಿ ಅದನ್ನು ಮತ್ತೆ ಚರ್ಚೆಗೆ ತರಬೇಡಿ.

ಹವಾಮಾನ ವರದಿಯ ಉಷ್ಣಾಂಶ ನೆರಳಿನದ್ದು. ಅದು 40 ಡಿಗ್ರಿ ಎಂದರೆ ಬಿಸಿಲಿಗೊಡ್ಡಿದ ಬಂಡೆ, ಮರಳು 60 ಡಿಗ್ರಿ ದಾಟಿರಬಹುದು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನಡಿಗೆ ಬೇಡ. ಕಣಿವೆಗೆ ಇಳಿಯುವ ದಾರಿಗಳಲ್ಲಂತೂ ಎಚ್ಚರ: ತಂಪು ಹೊತ್ತಿನಲ್ಲಿ ಸಲೀಸಾಗಿ ಇಳಿದವರು ಸುಡುಬಿಸಿಲಲ್ಲಿ ಏರಬೇಕಾಗುತ್ತದೆ. ಅದಕ್ಕೇ ಮೂರನೇ ಒಂದು ಪಾಲು ನೀರು ಮುಗಿದ ಕೂಡಲೇ ತಿರುಗಿಬಿಡಿ. ಅರ್ಧದವರೆಗೆ ಕಾದರೆ ತಡವಾಯಿತು.

ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರುತ್ತದೆ. ಅಂಗಿ ಒಣಗಿದ್ದರೂ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಗಂಟೆಗೆ 1 ಲೀಟರ್ ಬೆವರುವುದು ಸಾಮಾನ್ಯ, ಏರಿನಲ್ಲಿ ಒಂದೂವರೆ ಲೀಟರ್ ಆದೀತು. ಕರುಳು ಹೀರುವುದು ಮಾತ್ರ ಗಂಟೆಗೆ ಹೆಚ್ಚುಕಡಿಮೆ 1 ಲೀಟರ್. ಈ ಕೊರತೆಯನ್ನು ಕುಡಿದು ತುಂಬಿಸಲಾಗದು, ವೇಗ ಇಳಿಸಬೇಕು. ಏರುವಾಗ ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಆಡಲಾಗದಿದ್ದರೆ ಆ ವೇಗ ನಿಮಗೆ ಜಾಸ್ತಿ. ಐದು ಗಂಟೆಯ ದಾರಿಗೆ ಕನಿಷ್ಠ 5 ಲೀಟರ್, ಅಂದರೆ 5 ಕಿಲೋ ಭಾರ. ಹೊರಲಾಗದಿದ್ದರೆ ದಾರಿಯನ್ನೇ ಚಿಕ್ಕದು ಮಾಡಿ.

ಬರೀ ನೀರನ್ನೇ ಗಟಗಟ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಕುಸಿಯುತ್ತದೆ. ತಲೆನೋವು, ವಾಕರಿಕೆ ಬಿಸಿಲಿನ ಬಳಲಿಕೆಯಂತೆಯೇ ಕಾಣುವುದರಿಂದ ಇನ್ನಷ್ಟು ನೀರು ಕುಡಿಸುತ್ತಾರೆ, ಅದೇ ಅಪಾಯ. ಬೆರಳು ಊದಿ ಉಂಗುರ ಬಿಗಿಯಾಗಿದ್ದರೆ, ತುಂಬಾ ನೀರು ಕುಡಿದು ಮೂತ್ರ ನೀರಿನಂತೆ ತಿಳಿಯಾಗಿದ್ದರೆ ಸೋಡಿಯಂ ಕುಸಿತವನ್ನು ಶಂಕಿಸಿ, ನೀರು ನಿಲ್ಲಿಸಿ. ಮೊದಲಿಂದಲೇ ಉಪ್ಪಿನ ತಿನಿಸು, ಓಆರ್‌ಎಸ್ ಜತೆಗಿರಲಿ.

ಬಿಸಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಜ್ವರ, ಭೇದಿ, ನಿದ್ದೆಗೆಟ್ಟ ರಾತ್ರಿ, ಹಿಂದಿನ ದಿನದ ಮದ್ಯ, ಇವುಗಳಲ್ಲಿ ಒಂದಿದ್ದರೂ ಅಂದು ಹೊರಡಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆ, ಬೀಟಾ ಬ್ಲಾಕರ್ (ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಮಾತ್ರೆ) ಸೇವಿಸುವವರು ವೈದ್ಯರನ್ನು ಕೇಳಿಯೇ ಹೊರಡಲಿ.

ಜತೆಗಾರರು ತೊದಲಿದರೆ, ತೂರಾಡಿದರೆ, ಕಾರಣವಿಲ್ಲದೆ ಸಿಡುಕಿದರೆ ಹೀಟ್ ಸ್ಟ್ರೋಕ್ (ಮೈಬಿಸಿ ಮಿತಿಮೀರಿ ಜೀವಕ್ಕೇ ಅಪಾಯವಾಗುವ ಸ್ಥಿತಿ) ಎಂದೇ ತಿಳಿಯಿರಿ. ಬೆವರು ಇನ್ನೂ ಇಳಿಯುತ್ತಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ, ನಡೆಯುತ್ತಿದ್ದವರಲ್ಲಿ ಅದು ನಿಂತಿರಲೇಬೇಕೆಂದಿಲ್ಲ. ನೆರಳಿಗೆ ತಂದು, ಕಾದ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಸುರಿದು ಬಿಡದೆ ಗಾಳಿ ಬೀಸಿ. ಸಹಾಯಕ್ಕೆ ಕರೆ ಹೋಗಲಿ, ಆದರೆ ತಣಿಸುವುದನ್ನು ಬಿಟ್ಟು ಹೊತ್ತೊಯ್ಯಲು ಹೊರಡಬೇಡಿ. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ನೀರು ಹಾಕಬೇಡಿ. ಚೇತರಿಸಿಕೊಂಡಂತೆ ಕಂಡರೂ ಅವರನ್ನು ನಡೆಸದೆ ಆಸ್ಪತ್ರೆಗೆ ಸೇರಿಸಿ.